ಸಿಹಿ-ಉಪ್ಪು ಟೋಸ್ಟ್: ಬ್ರೆಡ್, ಚೀಸ್, ಸೇಬು, ಜೇನು ಮತ್ತು ಅವನ್ನು ಇಡುವ ಕ್ರಮ

ಒಂದು ಸ್ಲೈಸ್ ಬ್ರೆಡ್ ಕಾಯಿಸಿ, ಮೇಲೆ ಚೀಸ್ ಸವರಿ, ಹಣ್ಣಿನ ಹೋಳಿಟ್ಟು, ಜೇನು ಹನಿಸಿದರೆ ಮುಗಿಯಿತು. ಹೇಳುವುದಕ್ಕೆ ಇಷ್ಟೇ. ಆದರೆ ಇದೇ ನಾಲ್ಕು ಸಾಮಾನಿನಿಂದ ಒಬ್ಬರು ಮಾಡಿದ ಟೋಸ್ಟ್ ಕಚ್ಚಿದ ಕೂಡಲೇ ಕರುಂ ಎನ್ನುತ್ತದೆ. ಇನ್ನೊಬ್ಬರು ಮಾಡಿದ್ದು ತಟ್ಟೆಯಿಂದ ಎತ್ತುವಾಗಲೇ ನಡುವೆ ಬಗ್ಗಿ, ಹಣ್ಣೆಲ್ಲ ಜಾರಿ, ಬೆರಳು ಅಂಟಂಟಾಗುತ್ತದೆ. ಯಾವುದರ ಮೇಲೆ ಯಾವುದು ಬರಬೇಕು, ಯಾವಾಗ ಬರಬೇಕು ಎನ್ನುವುದರಲ್ಲೇ ಎಲ್ಲ ವ್ಯತ್ಯಾಸ ಇದೆ. ದುಬಾರಿ ಚೀಸ್ ತಂದು ಹೇಗೆ ಬೇಕೋ ಹಾಗೆ ಪೇರಿಸಿದವರ ಟೋಸ್ಟಿಗಿಂತ, ಸಾದಾ ಚೀಸ್ ಇಟ್ಟುಕೊಂಡು ಕ್ರಮ ಸರಿಯಾಗಿ ಪಾಲಿಸಿದವರ ಟೋಸ್ಟೇ ಚೆನ್ನಾಗಿರುತ್ತದೆ.

ಹಾಗಾಗಿ ಇಲ್ಲಿ ಒಂದೇ ಟೋಸ್ಟನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಮಾಡೋಣ. ಅದರ ಲೆಕ್ಕ ಕೈಗೆ ಹತ್ತಿದ ಮೇಲೆ ಹಣ್ಣು, ಚೀಸ್ ಬದಲಾಯಿಸುವುದು ಸುಲಭ. ಕೊನೆಯಲ್ಲಿ ಅಂಥ ಕೆಲವು ಬದಲಾವಣೆಗಳೂ ಇವೆ.

ಸಿಹಿಯೂ ಉಪ್ಪೂ ಯಾಕೆ ಹೊಂದಿಕೊಳ್ಳುತ್ತವೆ

ಉಪ್ಪು ಬರೀ ಉಪ್ಪಿನ ರುಚಿ ಕೊಡುವುದಿಲ್ಲ. ಅದು ಕಹಿಯನ್ನು ತಗ್ಗಿಸುತ್ತದೆ. ಕಹಿ ತಗ್ಗಿದಾಗ ಅದರ ಅಡಿಯಲ್ಲಿದ್ದ ಸಿಹಿ ಮುಂದೆ ಬರುತ್ತದೆ. ಅದಕ್ಕೇ ಜೇನಿನ ಮೇಲೆ ಎರಡು ಹರಳು ಉಪ್ಪು ಬಿದ್ದರೆ ಜೇನು ಇನ್ನೂ ಸಿಹಿಯಾಗಿದೆ ಅನ್ನಿಸುತ್ತದೆ. ವಾಲ್‌ನಟ್ ಸಿಪ್ಪೆಯ ಒಗರುಗಹಿ ಕಮ್ಮಿಯಾಗುವುದೂ ಹೀಗೆಯೇ.

ಇನ್ನು ಚೀಸಿನ ಕೊಬ್ಬು. ಅದು ಸುವಾಸನೆಯನ್ನು ಹಿಡಿದಿಟ್ಟುಕೊಂಡು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಉಳಿಸುತ್ತದೆ. ಆದರೆ ಕೊಬ್ಬು ಮಾತ್ರ ಇದ್ದರೆ ಮೂರನೇ ತುತ್ತಿಗೇ ಬಾಯಿ ಕಟ್ಟಿದಂತಾಗುತ್ತದೆ. ಅಲ್ಲಿ ಹುಳಿ ಬೇಕು. ಸೇಬಿನಲ್ಲಿ ಇರುವ ಹುಳಿ, ಜೊತೆಗೆ ನಾಲ್ಕು ಹನಿ ನಿಂಬೆರಸ ಆ ಕೆಲಸ ಮಾಡುತ್ತವೆ. ಕಾಳುಮೆಣಸು ಖಾರಕ್ಕಿಂತ ಹೆಚ್ಚಾಗಿ ಘಮಕ್ಕಾಗಿ.

ಸಿಹಿ, ಉಪ್ಪು, ಹುಳಿ, ಕೊಬ್ಬು, ಗರಿಗರಿ. ಈ ಐದರಲ್ಲಿ ಒಂದು ಇಲ್ಲದಿದ್ದರೂ ಟೋಸ್ಟ್ ಏನೋ ಸಪ್ಪೆ ಅನ್ನಿಸುತ್ತದೆ. ಆಗ ಹೆಚ್ಚಿನವರು ಇನ್ನಷ್ಟು ಜೇನು ಸುರಿಯುತ್ತಾರೆ. ನಿಜವಾಗಿ ಬೇಕಾಗಿರುವುದು ಬಹಳ ಸಲ ಉಪ್ಪು, ಇಲ್ಲವೇ ಹುಳಿ.

ಏನೇನು ಬೇಕು

ಇಬ್ಬರಿಗೆ, ತಲಾ ಒಂದು ದಪ್ಪ ಸ್ಲೈಸಿನಂತೆ:

- ಬ್ರೆಡ್ 2 ಸ್ಲೈಸ್, ಸುಮಾರು 1.5 ಸೆಂ.ಮೀ. ದಪ್ಪ
- ಬೆಣ್ಣೆ 2 ಟೀ ಚಮಚ
- ಕ್ರೀಂ ಚೀಸ್ 60 ಗ್ರಾಂ, ಅಂದರೆ 4 ದೊಡ್ಡ ಚಮಚ
- ಗಟ್ಟಿಯಾದ ಸೇಬು ಅರ್ಧ
- ನಿಂಬೆರಸ ಅರ್ಧ ಟೀ ಚಮಚ
- ವಾಲ್‌ನಟ್ ತಿರುಳಿನ ಅರ್ಧಗಳು 6ರಿಂದ 8
- ಜೇನುತುಪ್ಪ 2 ಟೀ ಚಮಚ
- ಕಾಳುಮೆಣಸು, ಆಗತಾನೇ ಕುಟ್ಟಿದ್ದು, ಎರಡು ಚಿಟಿಕೆ
- ಉಪ್ಪು ಎರಡು ಚಿಟಿಕೆ, ಹರಳು ಹರಳಾಗಿದ್ದರೆ ಒಳ್ಳೆಯದು

ಎಲ್ಲ ಸೇರಿ ಹದಿನೈದು ನಿಮಿಷದ ಕೆಲಸ. ಆದರೆ ಕ್ರೀಂ ಚೀಸನ್ನು ಅರ್ಧ ಗಂಟೆ ಮೊದಲೇ ಫ್ರಿಡ್ಜಿನಿಂದ ಹೊರಗೆ ತೆಗೆದಿಡಿ. ತಣ್ಣಗೆ ಗಟ್ಟಿಯಾಗಿರುವ ಚೀಸನ್ನು ಸವರಲು ಹೋದರೆ ಬ್ರೆಡ್ ಹರಿಯುತ್ತದೆ. ತೀರಾ ತಣ್ಣಗಿದ್ದಾಗ ರುಚಿಯೂ ಮಂಕಾಗಿರುತ್ತದೆ.

ಬ್ರೆಡ್ ಆರಿಸುವುದು

ಇಡೀ ತಿಂಡಿಯ ಭಾರ ಹೊರುವುದು ಬ್ರೆಡ್. ಮೇಲೆ ಇನ್ನೊಂದು ಸ್ಲೈಸ್ ಮುಚ್ಚಳವಾಗಿ ಇರುವುದಿಲ್ಲ. ಒಂದೇ ಕೈಯಲ್ಲಿ ಎತ್ತಿದಾಗ ಅದು ಬಗ್ಗದೆ ನಿಲ್ಲಬೇಕು. ಹಾಗಾಗಿ ದಪ್ಪ ಮುಖ್ಯ. ಒಂದು ಸೆಂಟಿಮೀಟರಿಗಿಂತ ತೆಳ್ಳಗಿದ್ದರೆ ಒಳಗೂ ಒಣಗಿ ರಸ್ಕಿನ ಹಾಗೆ ಮುರಿಯುತ್ತದೆ. ಎರಡೂವರೆ ಸೆಂಟಿಮೀಟರ್ ದಾಟಿದರೆ ಕಚ್ಚಲು ಬಾಯಿ ಸಾಲುವುದಿಲ್ಲ, ಬ್ರೆಡ್ಡೇ ಜಾಸ್ತಿಯಾಗಿ ಮೇಲಿನದು ನಾಲಿಗೆಗೆ ತಾಗುವುದಿಲ್ಲ.

ಹುಳಿ ಹಿಟ್ಟಿನ ಬ್ರೆಡ್ (ಸೌರ್‌ಡೋ) ಸಿಕ್ಕರೆ ಇದಕ್ಕೆ ಅದೇ ಸರಿ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಜಗಿಯುವಂಥ ತಿರುಳು, ಸಣ್ಣಗೆ ಹುಳಿ. ಒಂದೇ ತೊಂದರೆ ಅದರ ದೊಡ್ಡ ದೊಡ್ಡ ತೂತುಗಳು. ಜೇನು ಅಲ್ಲಿಂದ ಇಳಿದು ಅಂಗೈ ಸೇರುತ್ತದೆ. ತುಂಬ ತೂತಿರುವ ಸ್ಲೈಸನ್ನು ಬೆಣ್ಣೆ ಮಾತ್ರ ಸವರಿ ತಿನ್ನಲು ಇಟ್ಟುಕೊಳ್ಳಿ. ಗೋಧಿ ಬ್ರೆಡ್, ರೈ ಬ್ರೆಡ್ ಕೂಡ ಚೆನ್ನಾಗಿರುತ್ತವೆ. ಮೆತ್ತನೆಯ ಬಿಳಿ ಬ್ರೆಡ್ ಮಾತ್ರ ಇದ್ದರೆ? ಮಾಡಬಹುದು, ಆದರೆ ಸ್ವಲ್ಪ ಹೆಚ್ಚು ಹೊತ್ತು ಸಣ್ಣ ಉರಿಯಲ್ಲಿ ಒಣಗಿಸಬೇಕು. ಹಾಲು, ಸಕ್ಕರೆ ಹಾಕಿ ಮಾಡಿದ ಸಿಹಿ ಬ್ರೆಡ್ ಬೇಗ ಸೀದು ಹೋಗುತ್ತದೆ. ಅದನ್ನು ಬಳಸಿದರೆ ಜೇನನ್ನೂ ಅರ್ಧ ಮಾಡಿ.

ಆಗತಾನೇ ತಂದ ಬ್ರೆಡ್ಡಿಗಿಂತ ಹಿಂದಿನ ದಿನದ ಬ್ರೆಡ್ ಇದಕ್ಕೆ ಉತ್ತಮ. ಅದರಲ್ಲಿ ತೇವ ಕಮ್ಮಿ, ಹಾಗಾಗಿ ಬೇಗ ಗರಿಯಾಗುತ್ತದೆ. ಕತ್ತರಿಸುವಾಗ ಕುಸಿಯುವುದೂ ಇಲ್ಲ.

ಬ್ರೆಡ್ಡನ್ನು ಫ್ರಿಡ್ಜಿನಲ್ಲಿ ಇಡುವ ಅಭ್ಯಾಸ ಬಹಳ ಜನರಿಗಿದೆ. ಬೂಸ್ಟು ಬರುವುದು ತಡವಾಗುತ್ತದೆ, ನಿಜ. ಆದರೆ ಬ್ರೆಡ್ ಹಳಸಲಾಗಿ ಬಿರುಸಾಗುವುದು ಬರೀ ತೇವ ಆರಿ ಅಲ್ಲ. ಅದರಲ್ಲಿರುವ ಪಿಷ್ಟ ಮತ್ತೆ ಹರಳುಗಟ್ಟುತ್ತದೆ. ಫ್ರಿಡ್ಜಿನ ತಂಪಿನಲ್ಲಿ ಇದು ಹೊರಗಿಗಿಂತ ಬೇಗ ನಡೆಯುತ್ತದೆ. ಫ್ರೀಜರಿನಲ್ಲಿ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಎರಡು ದಿನದಲ್ಲಿ ಮುಗಿಯದ ಬ್ರೆಡ್ಡನ್ನು ಸ್ಲೈಸ್ ಮಾಡಿ ಫ್ರೀಜರಿನಲ್ಲಿಡಿ. ಬೇಕಾದಾಗ ಕರಗಿಸದೆ ನೇರವಾಗಿ ಟೋಸ್ಟ್ ಮಾಡಬಹುದು, ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಬಿರುಸಾದ ಬ್ರೆಡ್ ಬಿಸಿಯಾದಾಗ ಒಳಗೆ ಮತ್ತೆ ಮೆತ್ತಗಾಗುವುದೂ ಇದೇ ಕಾರಣಕ್ಕೆ. ಹರಳುಗಟ್ಟಿದ ಪಿಷ್ಟ ಶಾಖಕ್ಕೆ ಸಡಿಲವಾಗುತ್ತದೆ.

ಮೊದಲ ಹಂತ: ವಾಲ್‌ನಟ್ ಹುರಿಯಿರಿ

ಬ್ರೆಡ್ಡಿಗಿಂತ ಮೊದಲು ಇದು. ಹುರಿದದ್ದು ಆರಿದ ಮೇಲೆಯೇ ಗರಿಯಾಗುವುದು, ಹಾಗಾಗಿ ಅದಕ್ಕೆ ಸಮಯ ಕೊಡಬೇಕು. ಒಣ ಬಾಣಲೆಯಲ್ಲಿ, ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿ. ಬಣ್ಣ ನೋಡುತ್ತಾ ಕೂತರೆ ಗೊತ್ತಾಗುವುದಿಲ್ಲ. ಮೂಗನ್ನು ನಂಬಿ. ಹುರಿದ ಘಮ ಬಂತು ಅನ್ನುವಷ್ಟರಲ್ಲಿ ಇಳಿಸಿ, ಬಾಣಲೆಯಿಂದ ತಟ್ಟೆಗೆ ಹಾಕಿ. ಬಾಣಲೆಯಲ್ಲೇ ಬಿಟ್ಟರೆ ಅದರ ಶಾಖಕ್ಕೇ ಸೀದು ಕಹಿಯಾಗುತ್ತದೆ. ಆರಿದ ಮೇಲೆ ಕೈಯಲ್ಲೇ ಮುರಿಯಿರಿ. ಚಾಕುವಿನಿಂದ ಕೊಚ್ಚಿದರೆ ಪುಡಿ ಜಾಸ್ತಿ ಉದುರುತ್ತದೆ.

ಹುರಿಯುವ ಮೊದಲು ಒಂದು ಚೂರು ತಿಂದು ನೋಡಿ. ವಾಲ್‌ನಟ್ಟಿನಲ್ಲಿ ಎಣ್ಣೆ ಹೆಚ್ಚು, ಬೇಗ ಕಮಟುತ್ತದೆ. ಹಳೆಯ ಬಣ್ಣದ ಡಬ್ಬಿಯ ವಾಸನೆ ಬಂದರೆ ಹುರಿದರೂ ಹೋಗುವುದಿಲ್ಲ, ಬಿಸಾಕಬೇಕು. ತಂದ ದಿನದಿಂದಲೇ ಫ್ರಿಡ್ಜಿನಲ್ಲೋ ಫ್ರೀಜರಿನಲ್ಲೋ ಇಟ್ಟರೆ ಈ ಗೋಳು ಇಲ್ಲ.

ಎರಡನೇ ಹಂತ: ಸೇಬು ಹೆಚ್ಚಿ

ಹುಳಿ-ಸಿಹಿ ಎರಡೂ ಇರುವ, ಕಚ್ಚಿದರೆ ಟಕ್ ಎನ್ನುವ ಸೇಬು ಬೇಕು. ಹಿಟ್ಟುಹಿಟ್ಟಾದ ಸೇಬು ಇಲ್ಲಿ ಏನೂ ಕೊಡುವುದಿಲ್ಲ. ಸಿಪ್ಪೆ ತೆಗೆಯಬೇಡಿ. ಸಿಪ್ಪೆ ಇದ್ದರೆ ಹೋಳು ಮುರಿಯದೆ ನಿಲ್ಲುತ್ತದೆ, ನೋಡಲೂ ಚೆಂದ.

ಅರ್ಧ ಸೇಬಿನ ನಡುವಿನ ಬೀಜದ ಭಾಗ ತೆಗೆದು, ಕತ್ತರಿಸಿದ ಮುಖವನ್ನು ಹಲಗೆಗೆ ಒತ್ತಿ ಹಿಡಿದು, ಎರಡು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ದಪ್ಪ ಹೋಳಿಟ್ಟರೆ ಕಚ್ಚಿದಾಗ ಹಲ್ಲಿಗೆ ಕತ್ತರಿಸದೆ ಇಡೀ ಹೋಳೇ ಎಳೆದುಕೊಂಡು ಬರುತ್ತದೆ, ಅದರ ಹಿಂದೆ ಚೀಸೂ ಬರುತ್ತದೆ. ತೆಳ್ಳಗಿದ್ದರೆ ಎರಡು ಮೂರು ಪದರ ಒಂದರ ಮೇಲೊಂದು ಇಡಬಹುದು, ಹಲ್ಲಿಗೂ ಸುಲಭ.

ಹೆಚ್ಚಿದ ಕೂಡಲೇ ನಿಂಬೆರಸ ಸವರಿ. ಕತ್ತರಿಸಿದ ಸೇಬು ಗಾಳಿಗೆ ಕಂದಾಗುವುದು ಅದರಲ್ಲಿರುವ ಒಂದು ಕಿಣ್ವದಿಂದ. ನಿಂಬೆಯ ಹುಳಿ ಆ ಕಿಣ್ವವನ್ನು ನಿಧಾನ ಮಾಡುತ್ತದೆ. ಬಣ್ಣದ ಚಿಂತೆ ಇಲ್ಲದವರೂ ನಿಂಬೆ ಬಿಡಬೇಡಿ. ಆಗಲೇ ಹೇಳಿದ ಹುಳಿ ಬರುವುದು ಇಲ್ಲಿಂದಲೇ. ಕೊನೆಗೆ ಹೋಳುಗಳನ್ನು ಒಣ ಬಟ್ಟೆಯ ಮೇಲೆ ಹರಡಿ ಮೆಲ್ಲಗೆ ಒತ್ತಿ. ಸೇಬಿನ ತೂಕದಲ್ಲಿ ಸುಮಾರು ಶೇ. 85ರಷ್ಟು ನೀರೇ. ಮೇಲ್ಮೈ ನೀರಾದರೂ ಹೋಗಲಿ. ಇಲ್ಲಿ ಉಪ್ಪು ಹಾಕಲೇಬೇಡಿ, ಹಾಕಿದರೆ ಐದು ನಿಮಿಷದಲ್ಲಿ ಹೋಳುಗಳು ನೀರು ಬಿಡುತ್ತವೆ.

ಮೂರನೇ ಹಂತ: ಬ್ರೆಡ್ ಕಾಯಿಸಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಎಲ್ಲರೂ ಅವಸರ ಮಾಡುವ ಹಂತವೂ ಇದೇ.

ಬ್ರೆಡ್ಡಿನ ಮೇಲ್ಮೈಯಲ್ಲಿ ನೀರಿರುವವರೆಗೂ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತಿರುತ್ತದೆ. ನೀರು ಆವಿಯಾಗಿ ಹೋದ ಮೇಲೆ ಬಿಸಿ ಏರುತ್ತದೆ. ಸುಮಾರು 140 ಡಿಗ್ರಿ ದಾಟಿದಾಗ ಹಿಟ್ಟಿನ ಸಕ್ಕರೆ ಮತ್ತು ಪ್ರೋಟೀನು ಸೇರಿ ಕಂದುಬಣ್ಣ, ಟೋಸ್ಟಿನ ಆ ಘಮ ಜೋರಾಗಿ ಹುಟ್ಟುತ್ತವೆ. ಇದನ್ನು ಮಯಾರ್ ಕ್ರಿಯೆ ಎನ್ನುತ್ತಾರೆ. ದೊಡ್ಡ ಉರಿ ಇಟ್ಟರೆ ಹೊರಗಿನ ಒಂದು ಎಳೆ ಮಾತ್ರ ಒಣಗಿ ಕಪ್ಪಾಗುತ್ತದೆ, ಅದರ ಕೆಳಗೆ ಎಲ್ಲ ಹಸಿ. ನೋಡಲು ಟೋಸ್ಟ್ ಆದ ಹಾಗಿರುತ್ತದೆ, ಚೀಸ್ ಸವರಿದ ಎರಡೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಮಧ್ಯಮಕ್ಕಿಂತ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿದರೆ ಗರಿಯಾದ ಪದರ ದಪ್ಪಗೆ ಬರುತ್ತದೆ. ಆ ಪದರವೇ ಮೇಲಿನ ಪಸೆಯನ್ನು ತಡೆದು ನಿಲ್ಲಿಸುವುದು.

ನನ್ನ ಆಯ್ಕೆ ಕಾವಲಿ. ದಪ್ಪ ತಳದ ಕಬ್ಬಿಣದ ಕಾವಲಿಯಾದರೆ ಬಹಳ ಒಳ್ಳೆಯದು. ಬೆಣ್ಣೆಯನ್ನು ಕಾವಲಿಗೆ ಹಾಕಬೇಡಿ, ಬ್ರೆಡ್ಡಿಗೆ ಸವರಿ. ಕಾವಲಿಗೆ ಹಾಕಿದ ಬೆಣ್ಣೆಯನ್ನು ಮೊದಲು ತಾಗಿದ ಜಾಗ ಪೂರ್ತಿ ಹೀರಿಕೊಳ್ಳುತ್ತದೆ, ಉಳಿದ ಕಡೆ ಒಣ. ಬ್ರೆಡ್ಡಿನ ಎರಡೂ ಮುಖಕ್ಕೆ ತೆಳ್ಳಗೆ, ಅಂಚಿನವರೆಗೂ ಬರುವಂತೆ ಸವರಿ. ಒಂದು ಮುಖಕ್ಕೆ ಅರ್ಧ ಟೀ ಚಮಚ ಸಾಕು.

ಕಾವಲಿ ಬಿಸಿಯಾದ ಮೇಲೆ ಬ್ರೆಡ್ ಇಟ್ಟು, ಮೊದಲ ಹದಿನೈದು ಸೆಕೆಂಡ್ ಸಟ್ಟುಗದಿಂದ ಮೆಲ್ಲಗೆ ಒತ್ತಿ. ಮೇಲೆ ಉಬ್ಬಿದ ಭಾಗಗಳೂ ಕಾವಲಿಗೆ ತಾಗಲಿ ಎಂದು. ಚಪ್ಪಟೆಯಾಗುವಷ್ಟು ಒತ್ತಬೇಡಿ. ಆಮೇಲೆ ಬಿಟ್ಟುಬಿಡಿ. ಶುರುವಿನಲ್ಲಿ ಸಣ್ಣಗೆ ಚುರ್ ಎನ್ನುವ ಸದ್ದು ಬರುತ್ತದೆ, ಅದು ಬೆಣ್ಣೆಯ ನೀರು. ಬೆಣ್ಣೆಯಲ್ಲಿ ಸುಮಾರು ಶೇ. 80ರಷ್ಟು ಕೊಬ್ಬು, ಉಳಿದದ್ದರಲ್ಲಿ ಹೆಚ್ಚಿನ ಭಾಗ ನೀರು. ಸದ್ದು ನಿಂತಿತು ಅಂದರೆ ನೀರು ಹೋಯಿತು, ಇನ್ನು ಬಣ್ಣ ಬರುವ ಹೊತ್ತು. ಒಂದು ಮುಖಕ್ಕೆ ಮೂರರಿಂದ ನಾಲ್ಕು ನಿಮಿಷ ಹಿಡಿಯುತ್ತದೆ. ಅಂಚನ್ನು ಎತ್ತಿ ನೋಡಿ. ಹೊಂಬಣ್ಣ ಬಂದಿದ್ದರೆ ಮಗುಚಿ.

ಹೊಂಬಣ್ಣದಲ್ಲೇ ನಿಲ್ಲಿಸಿ. ಪಿಷ್ಟ ಇರುವ ತಿನಿಸು 120 ಡಿಗ್ರಿಗಿಂತ ಹೆಚ್ಚು ಬಿಸಿಯಾದಾಗ ಅಕ್ರಿಲಮೈಡ್ ಎಂಬ, ಆರೋಗ್ಯಕ್ಕೆ ಒಳ್ಳೆಯದಲ್ಲ ಎನ್ನಲಾಗುವ ರಾಸಾಯನಿಕ ಹುಟ್ಟುತ್ತದೆ. ಬಣ್ಣ ಗಾಢವಾದಷ್ಟೂ ಅದು ಹೆಚ್ಚು. ಅದು ಒತ್ತಟ್ಟಿಗಿರಲಿ, ಕಪ್ಪಾದ ಬ್ರೆಡ್ಡಿನ ಕಹಿಯ ಮುಂದೆ ಸೇಬು, ಜೇನು ಏನೂ ಕೇಳಿಸುವುದಿಲ್ಲ. ಸೀದ ಭಾಗ ಇದ್ದರೆ ಚಾಕುವಿನ ಅಂಚಿನಿಂದ ಕೆರೆದು ತೆಗೆಯಿರಿ.

ಟೋಸ್ಟರ್ ಇದ್ದರೆ? ಅದೂ ಸರಿ. ಒಂದೇ ಸಲ ದೊಡ್ಡ ನಂಬರಿಗೆ ತಿರುಗಿಸುವ ಬದಲು, ಸಣ್ಣ ನಂಬರಿನಲ್ಲಿ ಎರಡು ಸಲ ಹಾಕಿ. ಮೊದಲ ಸಲ ಒಣಗುತ್ತದೆ, ಎರಡನೇ ಸಲ ಬಣ್ಣ ಬರುತ್ತದೆ. ಬೆಣ್ಣೆ ಮಾತ್ರ ಟೋಸ್ಟರಿನಿಂದ ತೆಗೆದ ಮೇಲೆಯೇ. ಮೊದಲೇ ಸವರಿದರೆ ಒಳಗೆ ತೊಟ್ಟಿಕ್ಕಿ ಹೊಗೆ ಏಳುತ್ತದೆ, ಬೆಂಕಿಯ ಅಪಾಯವೂ ಇದೆ. ನಾಲ್ಕೈದು ಜನರಿಗೆ ಮಾಡುವಾಗ ಓವನ್ ವಾಸಿ. 200 ಡಿಗ್ರಿಯಲ್ಲಿ, ಜಾಲರಿಯ ಮೇಲೆ, ಎಂಟು ನಿಮಿಷದ ಆಸುಪಾಸು. ನಡುವೆ ಒಮ್ಮೆ ಮಗುಚಿ.

ನಾಲ್ಕನೇ ಹಂತ: ಒಂದು ನಿಮಿಷ ಆರಲು ಬಿಡಿ

ಕಾವಲಿಯಿಂದ ತೆಗೆದ ಟೋಸ್ಟನ್ನು ನೇರವಾಗಿ ತಟ್ಟೆಗೆ ಹಾಕಿದರೆ ಏನಾಗುತ್ತದೆ ಎಂದು ಒಮ್ಮೆ ಎತ್ತಿ ನೋಡಿ. ತಟ್ಟೆಯ ಮೇಲೆ ಬ್ರೆಡ್ಡಿನ ಆಕಾರದಲ್ಲೇ ನೀರಿನ ಪಸೆ. ಒಳಗಿನ ಹಬೆ ಕೆಳಗಿನಿಂದ ಹೊರಬಂದು, ತಣ್ಣನೆಯ ತಟ್ಟೆಗೆ ತಾಗಿ ನೀರಾಗಿ, ಮತ್ತೆ ಬ್ರೆಡ್ಡನ್ನೇ ಸೇರುತ್ತದೆ. ಅಷ್ಟು ಹೊತ್ತು ಒಣಗಿಸಿದ್ದು ದಂಡ.

ಜಾಲರಿಯ ಮೇಲಿಡಿ. ಜಾಲರಿ ಇಲ್ಲದಿದ್ದರೆ ಎರಡು ಸ್ಲೈಸನ್ನೂ ಒಂದಕ್ಕೊಂದು ಆನಿಸಿ ಗುಡಾರದ ಹಾಗೆ ನಿಲ್ಲಿಸಿ. ಒಂದು ನಿಮಿಷ, ಹೆಚ್ಚೆಂದರೆ ಎರಡು. ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ತುಂಬ ಬಿಸಿಯಿರುವಾಗ ಕ್ರೀಂ ಚೀಸ್ ಸವರಿದರೆ ಅದು ನೀರಾಗಿ ತೂತುಗಳಿಗೆ ಇಳಿಯುತ್ತದೆ. ಪೂರ್ತಿ ತಣ್ಣಗಾದರೆ ಬೆಣ್ಣೆಯ ಘಮ ಸಿಗುವುದಿಲ್ಲ.

ಐದನೇ ಹಂತ: ಪೇರಿಸಿ

ಮೊದಲು ಕೊಬ್ಬು, ಆಮೇಲೆ ತೇವ, ಅದರ ಮೇಲೆ ಗರಿ, ಕೊನೆಗೆ ಜೇನು ಮತ್ತು ಉಪ್ಪು. ಕ್ರಮ ಇಷ್ಟೇ.

ಕೊಬ್ಬು ಅಂದರೆ ಇಲ್ಲಿ ಬೆಣ್ಣೆ ಮತ್ತು ಕ್ರೀಂ ಚೀಸ್. ಬೆಣ್ಣೆ ಆಗಲೇ ಬ್ರೆಡ್ಡಿನಲ್ಲಿದೆ. ಅದರ ಮೇಲೆ ಸ್ಲೈಸಿಗೆ 30 ಗ್ರಾಮಿನಂತೆ ಕ್ರೀಂ ಚೀಸ್ ಸವರಿ. ನಡುವೆ ಗುಡ್ಡೆ ಮಾಡಿ ಬಿಡಬೇಡಿ, ಅಂಚಿನವರೆಗೂ ಒಂದೇ ಸಮ ಬರಲಿ. ಸೇಬಿನ ನೀರು ಬ್ರೆಡ್ಡಿಗೆ ಇಳಿಯದಂತೆ ಇದು ತಡೆಯುತ್ತದೆ. ಬ್ರೆಡ್ ಎಲ್ಲಿ ಬರಿದಾಗಿ ಕಾಣುತ್ತದೋ ಅಲ್ಲಿಂದಲೇ ನೆನೆಯಲು ಶುರುವಾಗುತ್ತದೆ. ಸವರಿದ ಮೇಲೆ ಚಮಚದ ಹಿಂಭಾಗದಿಂದ ಅಲ್ಲಲ್ಲಿ ಸಣ್ಣ ಗುಳಿ ಮಾಡಿ. ಜೇನು ನಿಲ್ಲಲು ಜಾಗ ಬೇಕಲ್ವಾ.

ಕಾಳುಮೆಣಸು ಈಗ, ಚೀಸಿನ ಮೇಲೆ. ಹಣ್ಣಿನ ಮೇಲೆ ಉದುರಿಸಿದರೆ ಅರ್ಧ ತಟ್ಟೆಗೆ ಹೋಗುತ್ತದೆ. ಚೀಸಿಗೆ ಅಂಟಿದ್ದು ಅಲ್ಲೇ ಇರುತ್ತದೆ. ನುಣ್ಣಗಿನ ಪುಡಿ ಬೇಡ, ತರಿತರಿಯಾಗಿ ಕುಟ್ಟಿದ್ದಿರಲಿ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತ ಪುಡಿಯಲ್ಲಿ ಖಾರ ಉಳಿದಿರಬಹುದು, ಘಮ ಹೋಗಿರುತ್ತದೆ.

ಮೇಲೆ ಸೇಬಿನ ಹೋಳುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಚೀಸಿಗೆ ಸ್ವಲ್ಪ ಹುದುಗಿದರೆ ಕಚ್ಚಿದಾಗ ಜಾರುವುದಿಲ್ಲ. ಸ್ಲೈಸಿಗೆ ಎಂಟು ಹತ್ತು ತೆಳು ಹೋಳು ಹಿಡಿಯುತ್ತವೆ. ವಾಲ್‌ನಟ್ ಚೂರುಗಳನ್ನು ಹೋಳುಗಳ ಸಂದಿಗೆ ಸಿಕ್ಕಿಸಿ. ಸುಮ್ನೆ ಮೇಲೆ ಉದುರಿಸಿದರೆ ಮೊದಲ ಕಚ್ಚಿಗೇ ಉರುಳಿ ಹೋಗುತ್ತವೆ.

ಆರನೇ ಹಂತ: ಜೇನು, ಆಮೇಲೆ ಉಪ್ಪು

ಸ್ಲೈಸಿಗೆ ಒಂದು ಟೀ ಚಮಚ ಜೇನು. ಕಮ್ಮಿ ಅನ್ನಿಸುತ್ತದೆ, ಅಲ್ವಾ? ಜೇನಿನಲ್ಲಿ ಸಕ್ಕರೆಗಿಂತ ಹೆಚ್ಚು ಸಿಹಿಯಾದ ಫ್ರಕ್ಟೋಸ್ ಬಹಳ ಇದೆ, ಸೇಬಿನಲ್ಲೂ ಇದೆ. ಮೇಲೆ ಉಪ್ಪು ಬೇರೆ ಬರುತ್ತದೆ. ಮೊದಲು ಇಷ್ಟು ಹಾಕಿ ತಿಂದು ನೋಡಿ. ಸೇರಿಸಲು ಯಾವಾಗ ಬೇಕಾದರೂ ಆಗುತ್ತದೆ, ತೆಗೆಯಲು ಆಗುವುದಿಲ್ಲ.

ಚಮಚವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಆಮೇಲೆ ಜೇನು ತೆಗೆದರೆ ಸಣ್ಣ ಎಳೆಯಾಗಿ ಇಳಿಯುತ್ತದೆ. ಒಂದು ಅಡಿ ಎತ್ತರದಿಂದ ಕೈಯನ್ನು ಅತ್ತಿತ್ತ ಆಡಿಸುತ್ತಾ ಬಿಡಿ. ಹರಳುಗಟ್ಟಿದ ಜೇನು ಕೆಟ್ಟದ್ದಲ್ಲ. ಬಾಟಲಿಯನ್ನು ಕೈಗೆ ತಾಳುವಷ್ಟು ಬಿಸಿಯ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕರಗುತ್ತದೆ. ಒಲೆಯ ಮೇಲೆ ಕುದಿಸಬೇಡಿ, ಅದರ ಹೂವಿನ ಘಮ ಹಾರಿ ಹೋಗಿ ಬರೀ ಸಿಹಿ ಉಳಿಯುತ್ತದೆ.

ಜೇನು ಬಿದ್ದ ಮೇಲೆ ಉಪ್ಪು. ಹರಳು ಉಪ್ಪಾದರೆ ಬೆರಳಲ್ಲಿ ಪುಡಿ ಮಾಡುತ್ತಾ ಎತ್ತರದಿಂದ ಉದುರಿಸಿ. ಚೀಸಿಗೇ ಉಪ್ಪು ಕಲಸಿದರೂ ಆಗುತ್ತದಲ್ಲ ಎಂದು ಕೇಳಬಹುದು. ಆಗುತ್ತದೆ, ಆದರೆ ಅದೇ ಪ್ರಮಾಣದ ಉಪ್ಪು ಒಳಗೆ ಕರಗಿದ್ದರೆ ರುಚಿ ಎಲ್ಲ ಕಡೆ ಒಂದೇ ಸಮ. ಮೇಲೆ ಹರಳಾಗಿದ್ದರೆ ಒಂದು ಕಚ್ಚಿನಲ್ಲಿ ಟಣ್ ಎಂದು ಸಿಗುತ್ತದೆ, ಮುಂದಿನದರಲ್ಲಿ ಇಲ್ಲ. ಸಿಹಿಯ ನಡುವೆ ಹಾಗೆ ಸಿಗುವುದೇ ಈ ಟೋಸ್ಟಿನ ಮಜಾ. ಬೆಣ್ಣೆಯೂ ಉಪ್ಪಿನದ್ದಾಗಿದ್ದರೆ ಇಲ್ಲಿ ಅರ್ಧ ಚಿಟಿಕೆಗೆ ಇಳಿಸಿ.

ಕತ್ತರಿಸುವುದಾದರೆ ಗರಗಸದ ಹಲ್ಲಿನ ಬ್ರೆಡ್ ಚಾಕು ಬಳಸಿ. ಒತ್ತದೆ, ಹಿಂದೆ ಮುಂದೆ ಎಳೆದು ಕೊಯ್ಯಿರಿ. ಜೇನು ಹಾಕುವ ಮೊದಲೇ ಕತ್ತರಿಸಿದರೆ ಇನ್ನೂ ಅಚ್ಚುಕಟ್ಟು. ಹತ್ತು ನಿಮಿಷದೊಳಗೆ ತಿಂದು ಮುಗಿಸಿ.

ಕೆಡುವುದು ಎಲ್ಲಿ

ಟೋಸ್ಟ್ ಮೆತ್ತಗಾಯಿತು ಎಂದರೆ ಮೊದಲು ನೋಡಬೇಕಾದ್ದು ಉರಿ, ಎರಡನೆಯದು ತಟ್ಟೆ. ಹಣ್ಣಿನ ಮೇಲೆ ಅನುಮಾನ ಅದಾದ ಮೇಲೆ. ಕಚ್ಚಿದಾಗ ಎಲ್ಲವೂ ಒಟ್ಟಿಗೆ ಜಾರಿದರೆ ಹೋಳು ದಪ್ಪವಾಗಿದೆ, ಇಲ್ಲವೇ ಒದ್ದೆಯಾಗಿದೆ. ಅತಿ ಸಿಹಿಯಾದರೆ ಇನ್ನೊಂದೆರಡು ಹನಿ ನಿಂಬೆರಸ ಹಿಂಡಿ. ಉಪ್ಪು ಸೇರಿಸಿದರೆ ಸಿಹಿ ತಗ್ಗುವ ಬದಲು ಇನ್ನೂ ಎದ್ದು ಕಾಣಬಹುದು. ಸಪ್ಪೆ ಅನ್ನಿಸಿದರೆ ಮೇಲೆ ಹೇಳಿದ ಹಾಗೆ ಉಪ್ಪು.

ಬಿಸಿ ಬಿಸಿ ಕರಗಿದ ಚೀಸಿನ ಬಗೆ

ಇಲ್ಲಿ ಕ್ರೀಂ ಚೀಸಿನ ಬದಲು ಚೆಡ್ಡರ್ ತರಹದ, ಕರಗುವ ಚೀಸ್. ಸ್ಲೈಸಿಗೆ 30 ಗ್ರಾಂ ತುರಿದುಕೊಳ್ಳಿ. ಪ್ಯಾಕೆಟ್ಟಿನಲ್ಲಿ ತುರಿದೇ ಬರುವ ಚೀಸಿಗೆ ಅಂಟದಿರಲಿ ಎಂದು ಪಿಷ್ಟ ಅಥವಾ ಅಂಥದ್ದೇನಾದರೂ ಬೆರೆಸಿರುತ್ತಾರೆ, ಅದು ಅಷ್ಟು ನಯವಾಗಿ ಕರಗುವುದಿಲ್ಲ. ತುಂಬ ಹಳೆಯ, ಗಟ್ಟಿ ಚೀಸ್ ಮಾತ್ರ ಹಾಕಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಅದನ್ನು ಎಳೆಯ ಚೀಸಿನ ಜೊತೆ ಅರ್ಧರ್ಧ ಬೆರೆಸಿ. ಫೆಟಾ, ರಿಕೋಟಾ ಎಷ್ಟು ಕಾಯಿಸಿದರೂ ಎಳೆಎಳೆಯಾಗಿ ಕರಗುವುದಿಲ್ಲ, ಅವನ್ನು ಹಾಗೇ ಪುಡಿ ಮಾಡಿ ಹಾಕುವುದೇ ಸರಿ.

ಕಾಯಿಸಿದ ಬ್ರೆಡ್ಡಿನ ಮೇಲೆ ಮೊದಲು ಸ್ವಲ್ಪ ಚೀಸ್ ತುರಿ, ಮೇಲೆ ಸೇಬು, ಅದರ ಮೇಲೆ ಉಳಿದ ಚೀಸ್. ಕೆಳಗಿನ ಚೀಸ್ ಬ್ರೆಡ್ಡನ್ನು ಕಾಯುತ್ತದೆ, ಮೇಲಿನದು ಹಣ್ಣನ್ನು ಹಿಡಿದಿಡುತ್ತದೆ. ಓವನ್ನಿನ ಗ್ರಿಲ್ ಕೆಳಗೆ ಎರಡು ಮೂರು ನಿಮಿಷ ಸಾಕು. ಪಕ್ಕದಲ್ಲೇ ನಿಂತು ನೋಡಿ, ಅಲ್ಲಿ ಅರ್ಧ ನಿಮಿಷದಲ್ಲಿ ಬಣ್ಣ ಬದಲಾಗುತ್ತದೆ. ಓವನ್ ಇಲ್ಲದವರು ಕಾವಲಿಯಲ್ಲೇ, ತೀರಾ ಸಣ್ಣ ಉರಿಯಲ್ಲಿ, ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ ಮುಚ್ಚಿ. ಪೂರ್ತಿ ಮುಚ್ಚಿದರೆ ಮುಚ್ಚಳದ ನೀರು ಟೋಸ್ಟಿನ ಮೇಲೆಯೇ ಬೀಳುತ್ತದೆ.

ಜೇನನ್ನು ಒಲೆಗೆ ಹೋಗುವ ಮೊದಲು ಹಾಕಬೇಡಿ. ಅದರ ಸಕ್ಕರೆ ಚೀಸಿಗಿಂತ ಮೊದಲೇ ಸೀಯುತ್ತದೆ. ಟೋಸ್ಟ್ ಹೊರಗೆ ಬಂದು ಒಂದು ನಿಮಿಷ ಆರಿದ ಮೇಲೆ ಜೇನು, ಮೆಣಸು. ಚೆಡ್ಡರಿನಲ್ಲಿ ಉಪ್ಪು ಸಾಕಷ್ಟು ಇರುತ್ತದೆ, ಮತ್ತೆ ಬೇಕಾಗುವುದಿಲ್ಲ.

ಒಂದು ಮಾತು: ಕೆಲವು ಗಟ್ಟಿ ಚೀಸುಗಳನ್ನು ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿಗಳು ಪೊಟ್ಟಣದ ಮೇಲೆ ಓದಿ ಕೊಳ್ಳುವುದು ಒಳ್ಳೆಯದು.

ಬೇರೆ ಜೋಡಿಗಳು

ಪೇರ್ ಹಣ್ಣು, ನೀಲಿ ಚೀಸ್. ನೀಲಿ ಚೀಸ್ ಅಂದರೆ ನೀಲಿ ಬೂಸ್ಟಿನ ಗೆರೆಗಳಿರುವ ಚೀಸ್. ಅದರ ಉಪ್ಪು, ಘಾಟು ಎರಡೂ ಜೋರು. 15 ಗ್ರಾಮನ್ನು ಅಷ್ಟೇ ಕ್ರೀಂ ಚೀಸಿಗೆ ಕಿವುಚಿ ಸವರಿ. ಇದೊಂದಕ್ಕೆ ಜೇನು ಒಂದೂವರೆ ಟೀ ಚಮಚ ಹಾಕಿದರೂ ತಡೆಯುತ್ತದೆ.

ಕಡಲೆಕಾಯಿ ಬೆಣ್ಣೆ, ಬಾಳೆಹಣ್ಣು. ಹಾಲಿನ ಪದಾರ್ಥ ತಿನ್ನದವರಿಗೆ ಅನುಕೂಲ. ಬ್ರೆಡ್ಡಿಗೆ ಬೆಣ್ಣೆಯ ಬದಲು ಎಣ್ಣೆ ಸವರಿ. ಬಾಳೆಹಣ್ಣು ಗಟ್ಟಿಯಾಗಿರಲಿ. ಜೇನು ಬೇಡವೇ ಬೇಡ, ಒಣ ಮೆಣಸಿನಕಾಯಿ ತರಿ ಮತ್ತು ಉಪ್ಪು ಸಾಕು. ಮೆಣಸಿನಕಾಯಿಯ ಖಾರ ಕೊಬ್ಬಿನಲ್ಲಿ ಕರಗುವುದರಿಂದ ಇಲ್ಲಿ ಮೆತ್ತಗಾಗಿ ತಾಗುತ್ತದೆ. ಹುಳಿ ಕಮ್ಮಿ ಬೀಳುತ್ತದೆ, ನಿಂಬೆ ಹಿಂಡುವುದನ್ನು ಮರೆಯಬೇಡಿ.

ಓವನ್ನಿನಲ್ಲಿ ಬಾಡಿಸಿದ ದ್ರಾಕ್ಷಿ. ಬೀಜವಿಲ್ಲದ ದ್ರಾಕ್ಷಿಗೆ ಒಂದು ಟೀ ಚಮಚ ಎಣ್ಣೆ, ಚಿಟಿಕೆ ಉಪ್ಪು ಸವರಿ 200 ಡಿಗ್ರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಇಡಿ. ಸಿಪ್ಪೆ ಸುಕ್ಕಾಗಿ, ಅಲ್ಲಲ್ಲಿ ಒಡೆದು ರಸ ಗಟ್ಟಿಯಾಗುತ್ತದೆ. ರಿಕೋಟಾ ಮೇಲೆ ಇದನ್ನು ಹಾಕಿದರೆ ಬೇರೆ ಸಿಹಿ ಬೇಡ. ನನಗೆ ಸೇಬಿಗಿಂತ ಇದೇ ಇಷ್ಟ, ಓವನ್ ಹಚ್ಚುವ ಸೋಮಾರಿತನ ಅಡ್ಡ ಬರುತ್ತದೆ ಅಷ್ಟೇ.

ನಿಧಾನವಾಗಿ ಹುರಿದ ಈರುಳ್ಳಿ. ಹಣ್ಣೇ ಇಲ್ಲದ ಸಿಹಿ ಇದು. ಎರಡು ದೊಡ್ಡ ಈರುಳ್ಳಿಯನ್ನು ಉದ್ದುದ್ದ ಹೆಚ್ಚಿ, ಒಂದು ದೊಡ್ಡ ಚಮಚ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಹತ್ತು ನಿಮಿಷದಲ್ಲಿ ಆಗುತ್ತದೆ ಎಂದು ಬರೆದವರನ್ನು ನಂಬಬೇಡಿ. ನಲವತ್ತು ನಿಮಿಷವಾದರೂ ಬೇಕು. ತಳ ಹಿಡಿದಾಗಲೆಲ್ಲ ಒಂದು ಚಮಚ ನೀರು ಚಿಮುಕಿಸಿ, ಕೆರೆದು ಬೆರೆಸಿ. ಅಡುಗೆ ಸೋಡಾ ಹಾಕಿದರೆ ಬಣ್ಣ ಬೇಗ ಬರುತ್ತದೆ, ಆದರೆ ಈರುಳ್ಳಿ ಲೋಳೆಯಾಗುತ್ತದೆ. ಟೋಸ್ಟಿನ ಮೇಲೆ ಎಳೆಎಳೆಯಾಗಿರುವುದೇ ಚೆಂದ. ಕರಗಿದ ಚೀಸಿನ ಬಗೆಗೆ ಇದು ಹೇಳಿ ಮಾಡಿಸಿದ ಜೋಡಿ.

ಕ್ರೀಂ ಚೀಸ್ ಇಲ್ಲದಿದ್ದರೆ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇರಿಸಿ ರಾತ್ರಿಯಿಡೀ ಫ್ರಿಡ್ಜಿನಲ್ಲಿಡಿ. ನೀರು ಬಸಿದು ಸವರುವಷ್ಟು ಗಟ್ಟಿಯಾಗುತ್ತದೆ. ಹುಳಿ ಅದರಲ್ಲೇ ಇರುವುದರಿಂದ ನಿಂಬೆ ಬಿಡಬಹುದು. ಕ್ರೀಂ ಚೀಸಿಗಿಂತ ಇದರಲ್ಲಿ ಕೊಬ್ಬು ಕಮ್ಮಿ, ನೀರು ಜಾಸ್ತಿ. ಹಾಗಾಗಿ ಕೆಳಗಿನ ಬೆಣ್ಣೆಯಲ್ಲಿ ಜಿಪುಣತನ ಬೇಡ.

ಮಕ್ಕಳಿಗೆ, ಅತಿಥಿಗಳಿಗೆ

ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಒಂದು ಹನಿಯೂ ಸಲ್ಲದು. ಅದರಲ್ಲಿ ಇರಬಹುದಾದ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತವೆ. ಕಾಯಿಸಿದರೂ ಅವು ಸಾಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ವಾಲ್‌ನಟ್ಟನ್ನು ಚೂರಾಗಿ ಕೊಡದೆ ನುಣ್ಣಗೆ ಪುಡಿ ಮಾಡಿ ಹಾಕಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ದ್ರಾಕ್ಷಿಯನ್ನೂ ಉದ್ದಕ್ಕೆ ನಾಲ್ಕು ಸೀಳಿ ಕೊಡಿ. ಅತಿಥಿಗಳಿಗೆ ಕೊಡುವ ಮೊದಲು ಕಾಯಿಬೀಜದ ಅಲರ್ಜಿ ಇದೆಯೇ ಎಂದು ಕೇಳಿಬಿಡಿ.

ಹತ್ತು ಹದಿನೈದು ಜನರಿಗಾದರೆ ಎಲ್ಲವನ್ನೂ ಮೊದಲೇ ಪೇರಿಸಿಡುವ ಆಸೆ ಬರುತ್ತದೆ. ಬೇಡ. ಬ್ರೆಡ್ಡನ್ನು ಓವನ್ನಿನಲ್ಲಿ ಕಾಯಿಸಿ, ಜಾಲರಿಯ ಮೇಲೆ ಪೂರ್ತಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಿಸಿಯಿರುವಾಗ ಮುಚ್ಚಿದರೆ ಬೆವರುತ್ತದೆ. ಹುರಿದ ವಾಲ್‌ನಟ್ ಬೇರೆ ಡಬ್ಬಿಯಲ್ಲಿ. ಸೇಬನ್ನು ಮಾತ್ರ ಕೊನೆಯ ಅರ್ಧ ಗಂಟೆಯಲ್ಲಿ ಹೆಚ್ಚಿ. ಕೊಡುವ ಹೊತ್ತಿಗೆ ಬ್ರೆಡ್ಡನ್ನು ಎರಡು ನಿಮಿಷ ಮತ್ತೆ ಬಿಸಿ ಮಾಡಿ, ಎಲ್ಲವನ್ನೂ ಬಟ್ಟಲುಗಳಲ್ಲಿ ಮೇಜಿನ ಮೇಲಿಟ್ಟು, ಅವರವರದ್ದನ್ನು ಅವರೇ ಪೇರಿಸಿಕೊಳ್ಳಲು ಬಿಡಿ. ಜೇನು ಯಾರಿಗೆ ಎಷ್ಟು ಬೇಕು ಎನ್ನುವ ತಲೆನೋವೂ ತಪ್ಪುತ್ತದೆ. ಕ್ರೀಂ ಚೀಸಿನ ಬಟ್ಟಲನ್ನು ಮಾತ್ರ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಸ್ವಲ್ಪ ಸ್ವಲ್ಪವೇ ತಂದಿಟ್ಟು, ಉಳಿದದ್ದು ಫ್ರಿಡ್ಜಿನಲ್ಲೇ ಇರಲಿ.